ಕೃತ್ತಿಕೆಯ ಸುತ್ತಲಿನ ಹೊಗೆ

ಕೆಲವರಿಗೆ ನಶ್ಯದ ಚಟ ಇರುತ್ತದೆ, ಕೆಲವರಿಗೆ ಇಸ್ಪೀಟಿನ ಚಟ. ನನಗೆ ಕಣ್ಣಿಗೆ ಕಾಣದ್ದನ್ನು ಫೋಟೋ ತೆಗೆಯುವ ಚಟವಿತ್ತು. ನಶ್ಯ ಏರಿಸುವವನನ್ನು ಕಂಡರೆ ಜನ ಮೂಗು ಮುರಿಯುತ್ತಾರೆ, ಇಸ್ಪೀಟು ಆಡುವವನ ಮನೆಯವರು ಅತ್ತು ಕರೆದು ಮಾಡುತ್ತಾರೆ. ನನ್ನ ಚಟವನ್ನು ಕಂಡವರು ಮಾತ್ರ ಬೈಯಲೂ ಆಗದೆ ಅಳಲೂ ಆಗದೆ, 'ಇವನಿಗೆ ಹೊಟ್ಟೆಗೆ ಸರಿಯಾಗಿ ಹಾಕುತ್ತೀಯೇನಮ್ಮ' ಎಂಬಂತೆ ನನ್ನ ಹೆಂಡತಿ ಗಿರಿಜಾಳ ಮುಖ ನೋಡುತ್ತಿದ್ದರು. ಅವಳು ಪಾಪ, ತಾನೇನೂ ಕಡಿಮೆ ಮಾಡಿಲ್ಲ ಎಂದು ತೋರಿಸಲು ಬಂದವರಿಗೆಲ್ಲ ಎರಡು ಹಿಡಿ ಹೆಚ್ಚು ಮಂಡಕ್ಕಿ ಒಗ್ಗರಣೆ ಹಾಕಿ ಕೊಡುತ್ತಿದ್ದಳು.

ಇದು ಎಪ್ಪತ್ತರ ದಶಕದ ಮಾತು. ನಾನಾಗ ಸಿರುಗುಪ್ಪದ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರನಾಗಿದ್ದೆ. ಚಳಿಗಾಲದ ಸಂಜೆ ಪೂರ್ವದಲ್ಲಿ ಕೃತ್ತಿಕೆ ಏರಿ ಬರುವುದನ್ನು ನೀವೂ ನೋಡಿದ್ದೀರಿ. ಮುಷ್ಟಿಯಷ್ಟು ಜಾಗದಲ್ಲಿ ಒತ್ತಾಗಿ ಕುಳಿತ ಆರು ಚುಕ್ಕೆಗಳು. ಕಣ್ಣು ಚುರುಕಾಗಿದ್ದರೆ ಏಳು ಅನ್ನುತ್ತಾರೆ. ನಾನು ಎಂದೂ ಆರಕ್ಕಿಂತ ಹೆಚ್ಚು ಎಣಿಸಿಲ್ಲ, ಎಣಿಸಿದೆನೆಂದು ಹೇಳಿಯೂ ಇಲ್ಲ. ಈ ಚುಕ್ಕೆಗಳ ನಡುವೆ ಒಂದು ಧೂಳಿನ ಮೋಡವಿದೆ ಎಂದು ಪುಸ್ತಕದಲ್ಲಿ ಓದಿದ್ದೆ. ಆ ಧೂಳಿಗೆ ಸ್ವಂತ ಬೆಳಕಿಲ್ಲ. ಪಕ್ಕದ ಚುಕ್ಕೆಗಳ ಬೆಳಕು ಅದರ ಮೇಲೆ ಬಿದ್ದು ಮಸಕಾಗಿ ಹೊಳೆಯುತ್ತದೆ. ಮಕ್ಕಳಿಗೆ ಪಾಠ ಮಾಡುವಾಗ ನಾನು ನಮ್ಮೂರಿನ ರೈಸ್ ಮಿಲ್ಲಿನ ಉದಾಹರಣೆ ಕೊಡುತ್ತಿದ್ದೆ. ಸಂಜೆ ಮಿಲ್ಲಿನ ಒಳಗೆ ಬಲ್ಬು ಹೊತ್ತಿಸಿದಾಗ ಅದರ ಸುತ್ತ ತೌಡಿನ ಧೂಳು ಬೆಳ್ಳಗೆ ಕಾಣುತ್ತದಲ್ಲ, ಹಾಗೆ. ಬಲ್ಬು ಆರಿಸಿದರೆ ಧೂಳು ಅಲ್ಲಿಯೇ ಇರುತ್ತದೆ, ಕಾಣುವುದಿಲ್ಲ. ಬಲ್ಬು ಹೊತ್ತಿದರೂ ಅದನ್ನೇ ದಿಟ್ಟಿಸಿದರೆ ಕಣ್ಣು ಕೋರೈಸಿ ಧೂಳು ಕಾಣುವುದಿಲ್ಲ. ಆಕಾಶದ ಈ ಧೂಳಂತೂ ಬರಿಗಣ್ಣಿಗೆ ಸಿಗುವುದೇ ಇಲ್ಲ. ಫಿಲ್ಮಿನ ಮೇಲೆ ಬೆಳಕು ನಿಮಿಷಗಟ್ಟಲೆ ಸಂಗ್ರಹವಾದರೆ ಮಾತ್ರ ಸಿಕ್ಕರೂ ಸಿಕ್ಕೀತು.

ಸಿರುಗುಪ್ಪದಲ್ಲಿ ಇದು ಆಗುವ ಕೆಲಸವಲ್ಲ. ಸುತ್ತ ಕಾಲುವೆ, ಸುತ್ತ ಭತ್ತದ ಗದ್ದೆ. ಸೂರ್ಯ ಮುಳುಗಿದ ಅರ್ಧ ತಾಸಿಗೆ ನೆಲದಿಂದ ತಣ್ಣನೆಯ ಮಂಜು ಎದ್ದು ಲೆನ್ಸಿನ ಮೇಲೆ ಕೂರುತ್ತಿತ್ತು. ಬಳ್ಳಾರಿಯಲ್ಲಿ ಬೀದಿದೀಪಗಳ ಕಾಟ. ಉಳಿದದ್ದು ಕುರುಗೋಡು, ನನ್ನ ಮಾವನವರ ಊರು. ಒಣ ಗಾಳಿ, ಕಲ್ಲುಗುಡ್ಡ, ಅಗಲವಾದ ಮಣ್ಣಿನ ಮಾಳಿಗೆ. ಚಳಿಗಾಲದ ಎಳ್ಳಮಾವಾಸ್ಯೆಗೆ ಅಳಿಯನನ್ನು ಕರೆಯುವ ಪದ್ಧತಿ ಹೇಗೂ ಇತ್ತು. ಊರವರೆಲ್ಲ ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಎಣ್ಣೆಗಾಯಿ ಉಂಡು ಸಂಜೆ ಮನೆಗೆ ಬಂದು ಉರುಳುತ್ತಿದ್ದರು. ನನಗೆ ಮಾತ್ರ ಹಬ್ಬ ಆಮೇಲೆ ಶುರುವಾಗುತ್ತಿತ್ತು. ಚಂದ್ರನ ಕಾಟವಿಲ್ಲದ ರಾತ್ರಿಯೇ ನನಗೆ ಬೇಕಾಗಿತ್ತು.

ಆಕಾಶ ತಿರುಗುತ್ತದೆ, ಆದ್ದರಿಂದ ಕ್ಯಾಮೆರಾವನ್ನೂ ಅದರ ಜೊತೆ ತಿರುಗಿಸಬೇಕು. ಅದಕ್ಕಾಗಿ ಕುರುಗೋಡಿನ ಬಡಿಗೇರರಿಂದ ಎರಡು ಹಲಗೆ ಮಾಡಿಸಿ ಒಂದು ಬದಿಗೆ ಬಾಗಿಲಿನ ಕೀಲು ಜೋಡಿಸಿದ್ದೆ, ಇನ್ನೊಂದು ಬದಿಗೆ ಉದ್ದನೆಯ ತಿರುಪು. ಕೀಲನ್ನು ಧ್ರುವ ನಕ್ಷತ್ರಕ್ಕೆ ನೇರವಾಗಿಟ್ಟು, ಹದಿನೈದು ಸೆಕೆಂಡಿಗೊಮ್ಮೆ ತಿರುಪನ್ನು ಕಾಲು ಸುತ್ತು ತಿರುಗಿಸಿದರೆ ಮೇಲಿನ ಹಲಗೆಯ ಮೇಲಿನ ಕ್ಯಾಮೆರಾ ಚುಕ್ಕೆಗಳ ಹಿಂದೆಯೇ ಹೋಗುತ್ತದೆ. ನಮ್ಮ ಕಡೆ ಧ್ರುವ ನಕ್ಷತ್ರ ಬಹಳ ತಗ್ಗಿನಲ್ಲಿದೆ. ಮಾವನವರ ಹಿತ್ತಲಿನ ಬೇವಿನ ಮರ ಅದಕ್ಕೆ ಅಡ್ಡವಾಗಿತ್ತು. ಒಂದು ಟೊಂಗೆ ಕಡಿಯಬಹುದೇ ಎಂದು ಮೊದಲ ವರ್ಷ ಹೆದರುತ್ತಲೇ ಕೇಳಿದೆ. ಮಾವ ಬಾಯಿಂದ ಚುಟ್ಟಾ ತೆಗೆದು, "ಬಂಗಾರ ಕೇಳೋ ಅಳಿಯಂದಿರನ್ನ ಕಂಡೀನಿ, ಸೈಕಲ್ ಕೇಳೋರನ್ನ ಕಂಡೀನಿ. ಚುಕ್ಕಿ ಕಾಣವಲ್ದು ಅಂತ ಟೊಂಗಿ ಕೇಳೋ ಅಳಿಯ ನನಗೊಬ್ಬಗ ಸಿಕ್ಕಾನ" ಎಂದು ಕೊಡಲಿ ತಂದರು.

ಆ ವರ್ಷ ಟೊಂಗೆ ಹೋಯಿತು, ಫೋಟೋ ಬರಲಿಲ್ಲ. ನಾನು ತಿರುಪು ತಿರುಗಿಸುತ್ತ ಕುಳಿತಾಗ ಮಾವ ಪಕ್ಕದಲ್ಲೇ ಕುಳಿತು ಚುಟ್ಟಾ ಸೇದಿದ್ದರು. ಆ ಫಿಲ್ಮಿನ ಎಲ್ಲ ಚಿತ್ರಗಳಲ್ಲೂ ಹೊಗೆ ಇತ್ತು. ಯಾವುದು ಕೃತ್ತಿಕೆಯದು, ಯಾವುದು ಮಾವನದು ಎಂದು ಹೇಳಲು ನನಗೆ ಧೈರ್ಯ ಬರಲಿಲ್ಲ. ಎರಡನೆಯ ವರ್ಷ ಅತ್ತೆ, "ಅಳಿಯಂದ್ರ ಚಳ್ಯಾಗ ಕುಂತಾರ" ಎಂದು ಲಾಟೀನು ಹಿಡಿದು ಬಿಸಿ ಹಾಲು ತಂದುಬಿಟ್ಟರು. ಹಾಲು ಚೆನ್ನಾಗಿತ್ತು. ಮೂರನೆಯ ವರ್ಷ ಮಾವನನ್ನು ಕೆಳಗೆ ಊಟಕ್ಕೆ ಕೂರಿಸಿ, ಅತ್ತೆಗೆ ಮೊದಲೇ ಹೇಳಿ, ಏಣಿಯನ್ನೇ ಮೇಲಕ್ಕೆ ಎಳೆದುಕೊಂಡೆ. ಎಂಟೂವರೆಯ ಹೊತ್ತಿಗೆ ಕೃತ್ತಿಕೆ ನೆತ್ತಿಯ ಹತ್ತಿರ ಇತ್ತು. ಗೋಣಿಚೀಲದ ಮೇಲೆ ಅಂಗಾತ ಮಲಗಿ, ಎದೆಯ ಮೇಲೆ ಗಡಿಯಾರ ಇಟ್ಟುಕೊಂಡು, ಹದಿನೆಂಟು ನಿಮಿಷ ತಿರುಪು ತಿರುಗಿಸಿದೆ. ಎಪ್ಪತ್ತೆರಡು ಕಾಲು ಸುತ್ತು. ನಲವತ್ತನೆಯದಕ್ಕೆ ಒಂದು ಸೀನು ಬಂತು, ತಡೆದುಕೊಂಡೆ.

ಫಿಲ್ಮನ್ನು ತೊಳೆಯಲು ಕೊಟ್ಟದ್ದು ಬಳ್ಳಾರಿ ಕಂಟೋನ್ಮೆಂಟಿನ ಒಂದು ಸಣ್ಣ ಸ್ಟುಡಿಯೋಕ್ಕೆ. ಅದರ ಮಾಲೀಕ ಪಂಪಣ್ಣ ನನ್ನ ವಯಸ್ಸಿನವನು. ಫೋಟೋ ತೆಗೆಯುವುದು, ತೊಳೆಯುವುದು, ಪ್ರಿಂಟು ಹಾಕುವುದು ಅವನ ಕೆಲಸ. ಅಂದಗೊಳಿಸುವ ಕೆಲಸ ಖಾಜಾ ಚಾಚಾ ಅವರದು. ಪಂಪಣ್ಣನ ತಂದೆಯ ಕಾಲದಿಂದ ಅಲ್ಲಿದ್ದವರು. ಒಳಗಿನ ಕೋಣೆಯಲ್ಲಿ, ಉತ್ತರದ ಕಿಟಕಿಯ ಪಕ್ಕ, ಇಳಿಜಾರು ಮೇಜಿನ ಮುಂದೆ ಕುಳಿತು, ಮೂರೇ ಕೂದಲಿನಂತಿದ್ದ ಕುಂಚದಿಂದ ಪ್ರಿಂಟುಗಳ ಮೇಲಿನ ಬಿಳಿ ಚುಕ್ಕೆಗಳನ್ನು ಮುಚ್ಚುತ್ತಿದ್ದರು. ನೆಗೆಟಿವಿನ ಮೇಲೆ ಧೂಳಿನ ಕಣ ಕುಳಿತರೆ ಪ್ರಿಂಟಿನಲ್ಲಿ ಅಲ್ಲೊಂದು ಬಿಳಿ ಚುಕ್ಕೆ ಬೀಳುತ್ತದೆ. ಬಳ್ಳಾರಿಯಲ್ಲಿ ಧೂಳಿಗೆ ಬರವಿಲ್ಲ. ಹೀಗಾಗಿ ಊರಿನ ಅರ್ಧದಷ್ಟು ವಧೂವರರ ಮುಖಕ್ಕೆ ಚಾಚಾ ಶಾಯಿ ಹಚ್ಚಿದ್ದರು ಎಂದರೆ ತಪ್ಪಲ್ಲ.

ತೊಳೆದ ನೆಗೆಟಿವನ್ನು ಬೆಳಕಿಗೆ ಹಿಡಿದು ನೋಡಿದೆ. ಕರಿ ಚುಕ್ಕೆಗಳು ಕಂಡವು. ಧೂಳಿನ ಮೋಡ ಇದೆಯೋ ಇಲ್ಲವೋ ತಿಳಿಯಲಿಲ್ಲ. "ಇದೊಂದನ್ನ ದೊಡ್ಡದು ಮಾಡಿಕೊಡ್ರಿ ಪಂಪಣ್ಣ, ಸ್ವಚ್ಛ ಇರಲಿ" ಎಂದೆ. ಅದೇನು ಚಿತ್ರ ಎಂದು ಹೇಳಲಿಲ್ಲ. ಹೇಳಿದರೆ ಹೊಟ್ಟೆಗೆ ಹಾಕುವ ಪ್ರಶ್ನೆ ಅಲ್ಲಿಯೂ ಬಂದೀತೆಂಬ ಅಂಜಿಕೆ. ಪಂಪಣ್ಣ ನನ್ನ ಮಾತನ್ನು ಹಾಗೆಯೇ ಒಳಗೆ ದಾಟಿಸಿದ: "ಚಾಚಾ, ಮಾಸ್ತರಂದು. ಭಾಳ ನೀಟ್ ಬೇಕಂತ."

ಮುಂದಿನ ಶನಿವಾರ ಅರ್ಧ ದಿನದ ಶಾಲೆ ಮುಗಿಸಿ ಬಸ್ಸು ಹತ್ತಿ ಸ್ಟುಡಿಯೋಕ್ಕೆ ಹೋದೆ. ಪಂಪಣ್ಣ ಒಂದು ದೊಡ್ಡ ಕವರು ಕೊಟ್ಟ. ನಾನು ಕವರನ್ನು ಹರಿಯುವವನಲ್ಲ. ಅಂಟನ್ನು ಉಗುರಿನಿಂದ ನಿಧಾನವಾಗಿ ಬಿಡಿಸಿ, ಒಳಗಿನ ಕಾಗದವನ್ನು ಅಂಚು ಹಿಡಿದು ಹೊರಗೆಳೆದೆ. ಕಪ್ಪಗಿತ್ತು. ಈ ತುದಿಯಿಂದ ಆ ತುದಿಯವರೆಗೆ ಕಪ್ಪಗಿತ್ತು. ಒಂದು ಚುಕ್ಕೆ ಇರಲಿಲ್ಲ. ತಲೆಕೆಳಗೆ ಮಾಡಿ ನೋಡಿದೆ, ಮಗುಚಿ ನೋಡಿದೆ, ಹಿಂದೆ ಬೆಳ್ಳಗಿತ್ತು. ಮೂರು ವರ್ಷ, ಒಂದು ಬೇವಿನ ಟೊಂಗೆ, ಎಪ್ಪತ್ತೆರಡು ಕಾಲು ಸುತ್ತು.

ಅಷ್ಟರಲ್ಲಿ ಖಾಜಾ ಚಾಚಾ ಕುಂಚ ಒರೆಸಿಕೊಳ್ಳುತ್ತ ಹೊರಗೆ ಬಂದರು. ಅವರ ಮುಖದಲ್ಲಿ ಹಬ್ಬವಿತ್ತು. "ಬರ್ರಿ ಮಾಸ್ತರ. ಮೂರು ದಿನ ಹಿಡಿತ್ರಿ. ನಲವತ್ತು ವರ್ಷ ಆತು ನಾ ಈ ಕಸಬು ಮಾಡಾಕ ಹತ್ತಿ, ಇಷ್ಟು ಧೂಳ ತಿಂದ ಫೋಟೋ ನೋಡಿಲ್ಲ. ಎಲ್ಲಿ ತಗದ್ರಿ ಇದನ್ನ, ಹಿಟ್ಟಿನ ಗಿರಣ್ಯಾಗೇನು?"

ಧೂಳು ತೆಗೆಯುವ ಇನ್ನೊಂದು ರೀತಿ ಇದೆ ಎಂದು ನನಗೆ ಗೊತ್ತಿತ್ತು: ನೆಗೆಟಿವಿನ ಮೇಲಿನ ಕರಿ ಚುಕ್ಕೆಗಳನ್ನೇ ಸಣ್ಣ ಚಾಕುವಿನಿಂದ ಕೆರೆದುಬಿಡುವುದು. ಹಾಗೆ ಕೆರೆದಿದ್ದರೆ ಎಲ್ಲ ಮುಗಿದಂತೆ. "ನೆಗೆಟಿವ್?" ಎಂದೆ.

"ಅದನ್ನ ಮುಟ್ಟಿಲ್ರಿ. ನಿನ್ನಿ ಚಾಕು ಹಚ್ಚಬೇಕು ಅಂತಿದ್ದೆ, ಶುಕ್ರವಾರ ನಮಾಜಿಗೆ ಹೋಗಿ ಒಂದು ದಿನ ಹಿಂದ ಬಿತ್ತು ಕೆಲಸ."

ಆ ಶುಕ್ರವಾರಕ್ಕೆ ನಾನು ಇಂದಿಗೂ ಋಣಿ. ಗೋಡೆಗೆ ಒರಗಿ ಉಸಿರು ಬಿಟ್ಟೆ. ಆದರೆ ನನ್ನ ಮುಖ ನೋಡುತ್ತಿದ್ದ ಪಂಪಣ್ಣನಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಕೇಳಿದ. ನಾನು, ಅವು ಧೂಳಲ್ಲ, ಆಕಾಶದ ಚುಕ್ಕೆಗಳು, ಚಿತ್ರವೇ ಅದು ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ಇದ್ದದ್ದನ್ನು ಇದ್ದಂತೆ ಹೇಳುವ ಮೊದಲು ಎದುರಿಗೆ ಯಾರು ನಿಂತಿದ್ದಾರೆ ಎಂದು ನೋಡಬೇಕು ಎಂಬ ಬುದ್ಧಿ ನನಗೆ ಅಂದು ಬಂತು, ಹೇಳಿ ಮುಗಿದ ಮೇಲೆ.

ಪಂಪಣ್ಣ ಕೆಂಪಾದ. "ನೋಡ್ರಿ ಚಾಚಾ, ಹೋದ ತಿಂಗಳ ಮೋಕಾದ ಗೌಡ್ರ ಸೊಸಿ ಮೂಗ್ತಿ ಅಳಿಸಿದ್ರಿ. ಮದುವಿ ಆದ ಹೆಣ್ಮಗಳು, ಮೂಗ್ತಿ ಇಲ್ದ ಫೋಟೋ ಅಂತ ಇಡೀ ಮನಿ ಮಂದಿ ಬಂದು ಈ ಬಾಗಲದಾಗ ನಿಂತು ಬೈದು ಹೋದ್ರು. ಆವಾಗ ಸುಮ್ನಾದೆ. ಈಗ ಆಕಾಶನ ಅಳಿಸೀರಿ! ನಿಮಗ ಕಣ್ಣ ಕಾಣವಲ್ಲವು. ಸಾಕು, ಮನ್ಯಾಗ ಆರಾಮ ಕುಂದರ್ರಿ. ಹೊಸಪ್ಯಾಟಿ ಕಡಿಂದ ಒಬ್ಬ ಹುಡುಗ ಬರ್ತೀನಿ ಅಂದಾನ." ಆಮೇಲೆ ನನ್ನ ಕಡೆ ತಿರುಗಿದ. "ಮಾಸ್ತರ, ನೀವು ಸುಳ್ಳು ಹೇಳೋ ಮಂದಿ ಅಲ್ಲ. ನೀವ ಹೇಳ್ರಿ, ಇವರ ಕಣ್ಣ ಹೋಗ್ಯಾವೋ ಇಲ್ಲೋ?"

ಇಂಥ ಪ್ರಶ್ನೆ ನನ್ನನ್ನು ಯಾರೂ ಕೇಳಿರಲಿಲ್ಲ. ಚಾಚಾ ಕುಂಚವನ್ನು ಕೈಯಲ್ಲಿ ಹಿಡಿದೇ ನಿಂತಿದ್ದರು. ಅವರ ಅನ್ನ ನನ್ನ ನಾಲಿಗೆಯ ಮೇಲೆ ಕುಳಿತಿತ್ತು. ಹೋಗಿವೆ ಎಂದರೆ ಇವತ್ತೇ ಅವರು ಮನೆಗೆ. ಹೋಗಿಲ್ಲ ಎಂದರೆ ನನಗೆ ಗೊತ್ತಿಲ್ಲದ್ದನ್ನು ಹೇಳಿದಂತೆ. ನಾನು ಏನೂ ತೋಚದಾಗ ಮಾಡುವ ಕೆಲಸವನ್ನೇ ಮಾಡಿದೆ: ಕೈಯಲ್ಲಿದ್ದುದನ್ನು ಇನ್ನೊಮ್ಮೆ ನೋಡಿದೆ. ಬಾಗಿಲಿನ ಬೆಳಕಿಗೆ ಓರೆಯಾಗಿ ಹಿಡಿದಾಗ ಹೊಳಪಿನ ಕಾಗದದ ತುಂಬ ಮಂಕಾದ ಸಣ್ಣ ಸಣ್ಣ ಗುರುತುಗಳು ಕಂಡವು. ಚಾಚಾನ ಶಾಯಿ ಕುಳಿತ ಜಾಗಗಳು. ಎಷ್ಟಿದ್ದವು ಎನ್ನುತ್ತೀರಿ! ರಾಗಿ ಚೆಲ್ಲಿದ ಹಾಗೆ.

"ಪಂಪಣ್ಣ, ಇದರದ್ದು ಇನ್ನೊಂದು ಪ್ರಿಂಟು ಹಾಕ್ರಿ. ಅದನ್ನ ಯಾರೂ ಮುಟ್ಟಬಾರದು. ಆಮ್ಯಾಲ ಹೇಳ್ತೀನಿ" ಎಂದೆ. ಅವನು ಗೊಣಗುತ್ತ ಕತ್ತಲೆ ಕೋಣೆಗೆ ಹೋದ.

ನಾನೂ ಚಾಚಾನೂ ಬೆಂಚಿನ ಮೇಲೆ ಕುಳಿತೆವು. ಅವರು ಮೆಲ್ಲಗೆ ಕೇಳಿದರು: "ಅಷ್ಟೂ ಚುಕ್ಕಿನೇನ್ರಿ?"

"ಅಷ್ಟೂ."

"ಒಂದೂ ಬಿಟ್ಟಿಲ್ಲಲ್ರಿ ನಾನು!" ಹೇಳಿದ ರೀತಿಯಲ್ಲಿ ದುಃಖ ಎಷ್ಟಿತ್ತು, ಹೆಮ್ಮೆ ಎಷ್ಟಿತ್ತು ಎಂದು ಬೇರ್ಪಡಿಸಿ ಹೇಳಲಾರೆ. "ಮೊದಲ ಒಂದು ಮಾತು ಹೇಳಬಾರದಿತ್ತೇನ್ರಿ ಮಾಸ್ತರ? ಸಾಲಿ ಕಲಿಸೋರು ನೀವು."

"ಹೇಳಬೇಕಿತ್ತು ಚಾಚಾ. ತಪ್ಪು ನಂದ."

"ಆ ಮೂಗ್ತಿನೂ ಅಷ್ಟ ರೀ. ಕಾಣದ ಅಳಿಸಿದ್ದಲ್ಲ, ಚೊಲೋ ಕಂಡಿತ್ತು. ಬಿಳಿ ಚುಕ್ಕಿ ಕಂಡ್ರ ಈ ಕೈ ಸುಮ್ಕ ಕುಂದರಂಗಿಲ್ಲ." ಕತ್ತಲೆ ಕೋಣೆಯ ಕಡೆ ಕೈ ತೋರಿಸಿ, "ಮನ್ಯಾಗ ಕುಂದ್ರು ಅಂತಾನ. ಬೆಳಗಿಂದ ಸಂಜಿತನಕ ಏನ್ ನೋಡ್ಲಿ ಮನ್ಯಾಗ? ಸೊಸಿ ಸುಣ್ಣ ಹಚ್ಚಿದ ಗ್ವಾಡಿ ನೋಡ್ಲೇನು? ಅದರ ಮ್ಯಾಲೂ ಚುಕ್ಕಿ ಅದಾವ" ಎಂದರು.

ಹಸಿ ಪ್ರಿಂಟು ಬಂತು. ಅಬ್ಬಾ ಎನಿಸಿತು. ನಡುವೆ ಕೃತ್ತಿಕೆಯ ದೊಡ್ಡ ಚುಕ್ಕೆಗಳು, ಸುತ್ತ ಲೆಕ್ಕವಿಲ್ಲದ ಪುಡಿ ಚುಕ್ಕೆಗಳು. ಮಾವನವರ ಮಾಳಿಗೆಯ ಮೇಲೆ ಮಲಗಿ ನಾನು ಅದರಲ್ಲಿ ಹತ್ತರಲ್ಲೊಂದು ಪಾಲನ್ನೂ ಕಂಡಿರಲಿಲ್ಲ. ಪಂಪಣ್ಣನೂ ಒಂದು ಕ್ಷಣ ಸಿಟ್ಟು ಮರೆತು ನೋಡಿದ. ನಾನು ಒಂದು ಮೂಲೆಯಲ್ಲಿ ಅಂಚೆ ಚೀಟಿಯ ಅಳತೆಯ ಕಿಂಡಿ ಕೊರೆದ ರಟ್ಟನ್ನು ಇಟ್ಟು, ಅದರೊಳಗೆ ಎಷ್ಟು ಚುಕ್ಕೆಗಳಿವೆ ಎಂದು ಎಣಿಸೋಣ, ಪ್ರತಿಯೊಬ್ಬರೂ ಬೇರೆಯಾಗಿ, ಬರಿಗಣ್ಣಿನಲ್ಲಿ, ಎಣಿಸಿದ್ದನ್ನು ಚೀಟಿಯಲ್ಲಿ ಬರೆಯೋಣ ಎಂದೆ. ಪರೀಕ್ಷೆ ಮಾಡಿಸುವುದು ನನಗೆ ಹೊಸದಲ್ಲ.

ಮೊದಲು ನಾನು ಎಣಿಸಿದೆ. ಎರಡು ಸಲ ಎಣಿಸಿ ಮೂವತ್ತೊಂದು ಎಂದು ಬರೆದೆ. ಚಾಚಾ ಪ್ರಿಂಟನ್ನು ಕಿಟಕಿಯ ಹತ್ತಿರ ಒಯ್ದು, ಒಂದೇ ಸಲ ನೋಡಿ, ನಲವತ್ತೇಳು ಎಂದು ಬರೆಸಿದರು. ಪಂಪಣ್ಣ, "ಹೆಚ್ಚ ಹೇಳಿದ್ರ ಕಣ್ಣ ಚೊಲೋ ಅಂತ ತಿಳೀತಾರ ಅನ್ಕೊಂಡಾರ" ಎಂದು ನಕ್ಕು, ಭೂತಕನ್ನಡಿ ತಂದು ಸೂಜಿಯ ತುದಿಯಿಂದ ಒಂದೊಂದನ್ನೇ ಮುಟ್ಟುತ್ತ ಎಣಿಸಿದ. ಮೂವತ್ತೊಂದು ದಾಟಿದ. ನಲವತ್ತು ದಾಟಿದ. ನಲವತ್ತೇಳಕ್ಕೆ ನಿಂತು, ಅದನ್ನೇ ಚೀಟಿಯಲ್ಲಿ ಬರೆದ. ಆಮೇಲೆ ಚಾಚಾ ಬಳಿದ ಮೊದಲಿನ ಪ್ರಿಂಟನ್ನು ತೆಗೆದುಕೊಂಡು, ಅದೇ ಮೂಲೆಯನ್ನು ಬೆಳಕಿಗೆ ಓರೆ ಹಿಡಿದು ಶಾಯಿಯ ಗುರುತುಗಳನ್ನು ಎಣಿಸಿದ. ನಲವತ್ತೇಳು.

ಆಗ ನಾನು ಸಾಕ್ಷಿ ಹೇಳಿದೆ. "ಪಂಪಣ್ಣ, ಇವರ ಕಣ್ಣಿಗೆ ಏನೂ ಆಗಿಲ್ಲ. ನಾನು ಕಾಣದ ಹದಿನಾರು ಚುಕ್ಕಿ ಇವರು ಕಂಡಾರ. ಬರೇ ಕಂಡಿಲ್ಲ, ಒಂದೊಂದನ್ನೂ ಹುಡುಕಿ ಮುಚ್ಯಾರ. ಕಣ್ಣ ಹೋದವರ ಕೈಲಿ ಇಂಥ ತಪ್ಪು ಮಾಡಾಕ ಆಗಂಗಿಲ್ಲ."

ಪಂಪಣ್ಣ ಭೂತಕನ್ನಡಿಯನ್ನು ಅಂಗಿಯ ತುದಿಯಿಂದ ಸುಮ್ಮನೆ ಒರೆಸುತ್ತ ನಿಂತ. ಅವನು ಕೆಟ್ಟವನಲ್ಲ, ಚಾಚಾನ ತೊಡೆಯ ಮೇಲೆ ಕುಳಿತು ಬೆಳೆದವನು. ಕೊನೆಗೆ, "ಆತು ಬಿಡ್ರಿ. ಇನ್ನಮ್ಯಾಲ ಏನರ ಅಳಿಸೋ ಮುಂದ ನನ್ನ ಕೇಳ್ರಿ. ಮೂಗ್ತಿ ಇದ್ದದ್ದಕ್ಕ ಕವರಿನ ಮ್ಯಾಲ ಕೆಂಪು ಪೆನ್ಸಿಲ್ಲಿಂದ ಗೀಟು ಹಾಕ್ತೀನಿ. ಹೊಸಪ್ಯಾಟಿ ಹುಡುಗಗ ಬ್ಯಾಡ ಅಂತ ಕಾಗದ ಬರೀತೀನಿ" ಎಂದ. ಚಾಚಾ ಒಳಗೆ ಹೋಗಿ ತಮ್ಮ ಕುಂಚವನ್ನು ತೊಳೆದು ಲೋಟದಲ್ಲಿ ನಿಲ್ಲಿಸಿದರು. ನಾನು ಅದನ್ನು ಬಾಗಿಲಿನ ಸಂದಿಯಿಂದ ನೋಡಿದೆ.

ಕತೆ ಇಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಆದರೆ ಪಂಪಣ್ಣ ಮೂರು ಚೀಟಿಗಳನ್ನು ಸಾಲಾಗಿ ಇಟ್ಟು, "ಅಲ್ಲ ಮಾಸ್ತರ, ನಲವತ್ತೇಳರಾಗ ಮೂವತ್ತೊಂದು. ಕಣ್ಣ ಹೋದದ್ದು ಯಾರದು ಅಂತ ಈಗ ಗೊತ್ತಾತಲ್ರಿ. ಮಕ್ಕಳ ಪೇಪರ್ ಹೆಂಗ ತಿದ್ದತೀರಿ?" ಎಂದ. ನಾನು ನಕ್ಕೆ. ನಗದೆ ಬೇರೆ ದಾರಿ ಇರಲಿಲ್ಲ.

ಅಷ್ಟರಲ್ಲಿ ಚಾಚಾ ಹಿಂದಿರುಗಿ ಬಂದು, ತಾವು ಬಳಿದ ಕಪ್ಪು ಪ್ರಿಂಟನ್ನು ಕೈಗೆತ್ತಿಕೊಂಡರು. "ಮಾಸ್ತರ, ಒಂದು ಹೇಳಬೇಕ್ರಿ. ಚುಕ್ಕಿ ಎಲ್ಲಾ ತಗದೆ ಖರೆ, ಆದ್ರ ಇಲ್ಲಿ ನಡುವ ಒಂದೀಟು ಹೊಗಿ ಐತಿ. ಮೂರು ಸಲ ಕುಂಚ ಆಡಿಸಿದೆ. ಹೋಗಲಿಲ್ಲ. ಮಾಫಿ ಇರಲಿ. ಇದನ್ನರ ಹೇಳಿಬಿಡ್ತೀನಿ, ಮುಚ್ಚಿ ಇಡಬಾರದು."

ಹೊಗೆ ಎಂದೊಡನೆ ಮಾವನ ಚುಟ್ಟಾ ನೆನಪಾಯಿತು, ಆದರೆ ಮಾವ ಆ ರಾತ್ರಿ ಕೆಳಗೆ ಉಣ್ಣುತ್ತಿದ್ದರು, ಏಣಿ ಮೇಲಿತ್ತು. ಲೆನ್ಸಿನ ಮೇಲಿನ ಮಂಜಾಗಿದ್ದರೆ ಚಿತ್ರದ ತುಂಬ ಇರಬೇಕಿತ್ತು. ನಡುವೆ ಮಾತ್ರ ಎಂದರೆ ಅದೇ, ನಾನು ಹುಡುಕುತ್ತಿದ್ದ ಧೂಳಿನ ಮೋಡ. ಚುಕ್ಕೆಗಳೆಂಬ ಬಲ್ಬುಗಳನ್ನೆಲ್ಲ ಚಾಚಾ ಒಂದೊಂದಾಗಿ ಆರಿಸಿದ್ದರು, ಕೋರೈಸುವುದು ಏನೂ ಉಳಿದಿರಲಿಲ್ಲ, ಧೂಳು ಮಾತ್ರ ಉಳಿದಿತ್ತು. "ಎಲ್ಲಿ?" ಎಂದೆ.

ಅವರು ಕಿರುಬೆರಳಿಟ್ಟು ತೋರಿಸಿದರು. ಬಗ್ಗಿ ನೋಡಿದೆ. ನನಗೆ ಕಂಡದ್ದನ್ನು ಕಂಡಂತೆ ಇಲ್ಲಿ ಬರೆಯುತ್ತೇನೆ: ಕಪ್ಪು ಕಾಗದ, ಚಾಚಾನ ಬೆರಳು, ಉಗುರಿನ ಸಂದಿಯಲ್ಲಿ ಶಾಯಿ. ಇಷ್ಟೇ. ಪಂಪಣ್ಣ ನನ್ನ ಹೆಗಲ ಮೇಲಿಂದ ಇಣುಕಿ, "ಹೌದಲ್ಲ, ಐತಿ ನೋಡು. ಹಿಂಗ ಕುಂಚದ ಕೂದಲದಂಗ ಎಳಿ ಎಳಿ" ಎಂದ. ನಾನು ಕಾಗದವನ್ನು ದೂರ ಹಿಡಿದೆ, ಹತ್ತಿರ ಹಿಡಿದೆ. ಬೆರಳು ಎರಡಾಗಿ ಕಂಡಿತು.

"ಕಂಡಿತೇನ್ರಿ ಮಾಸ್ತರ?" ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು.

"ಕಂಡಿತು" ಎಂದೆ. "ಇದಕ್ಕ ಮಾಫಿ ಕೇಳಬ್ಯಾಡ್ರಿ ಚಾಚಾ. ನನಗ ಬೇಕಾದದ್ದು ಇದ."

ಸೋಮವಾರ ರಜೆ ಹಾಕಿ ಬಳ್ಳಾರಿಯ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಗೋಡೆಯ ಮೇಲಿನ ಅಕ್ಷರ ಓದಿಸಿದರು. ಕೆಳಗಿನ ಎರಡು ಸಾಲು ಇವೆ ಎಂದೇ ನನಗೆ ಗೊತ್ತಿರಲಿಲ್ಲ. ಕನ್ನಡಕ ಬರಲು ಇನ್ನೂ ಒಂಬತ್ತು ದಿನ ಹಿಡಿಯಿತು. ಬಂದ ದಿನ ಸಂಜೆ, ಗಿರಿಜಾ ಅಡುಗೆಮನೆಯಲ್ಲಿರುವಾಗ, ಕಪ್ಪು ಪ್ರಿಂಟನ್ನು ಕಿಟಕಿಯ ಬಳಿ ಮೇಜಿನ ಮೇಲಿಟ್ಟು ಕನ್ನಡಕ ಏರಿಸಿದೆ. ಚಾಚಾ ತೋರಿಸಿದ ಜಾಗದಲ್ಲಿಯೇ ಇತ್ತು. ತಿಳಿಯಾಗಿ, ಎಳೆ ಎಳೆಯಾಗಿ, ಪಂಪಣ್ಣ ಹೇಳಿದ ಹಾಗೆಯೇ. ದೀಪ ಆರಿಸಿದ ಮಿಲ್ಲಿನಲ್ಲಿ ಧೂಳು ಮಾತ್ರ ಹೊಳೆಯುತ್ತ ನಿಂತ ಹಾಗೆ. ಬಹಳ ಹೊತ್ತು ನೋಡಿದೆ. ಮನಸ್ಸು ಹಗುರಾಯಿತು. ಸ್ಟುಡಿಯೋದಲ್ಲಿ ಅಂದು ನಾನು ಸುಳ್ಳು ಹೇಳಿದೆ ಎಂದು ಇನ್ನು ಯಾರೂ ಅನ್ನುವಂತಿರಲಿಲ್ಲ. ಹನ್ನೊಂದು ದಿನ ಮುಂಚಿತವಾಗಿ ಹೇಳಿದ್ದೆ, ಅಷ್ಟೇ.